ಹೊರಗಿನ ಚಿಲಕ

ನಮ್ಮ ಮನೆಯ ಹಾಲ್ ಕಿಟಕಿಯ ಚಿಲಕ ಹೊರಗಡೆ ಇತ್ತು. ಇಷ್ಟನ್ನು ನೇರವಾಗಿ ಬರೆಯಲು ನನಗೆ ಅರವತ್ತು ದಾಟಬೇಕಾಯಿತು. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಮನೆಗಳಿಗೆ ಗುರುತು ಹೇಳುವಾಗ ಸಂಪಿಗೆ ಮರದ ಮನೆ, ಮೂಲೆ ಮನೆ, ಹಸಿರು ಗೇಟಿನ ಮನೆ ಅನ್ನುತ್ತಿದ್ದರು. ನಮ್ಮದು ಉಲ್ಟಾ ಕಿಟಕಿ ಮನೆ. ಹಾಲಿನವನಿಗೆ, ಪೋಸ್ಟ್‌ಮ್ಯಾನ್‌ಗೆ, ಗಣಪತಿ ಚಂದಾ ಕೇಳಲು ಬರುವ ಹುಡುಗರಿಗೆ ಅಷ್ಟು ಹೇಳಿದರೆ ಸಾಕಿತ್ತು. ಸ್ಕೂಲಿನಲ್ಲಿ ಯಾರಾದರೂ ನಿಮ್ಮನೆ ಎಲ್ಲೇ ಎಂದು ಕೇಳಿದರೆ ನಾನು ನೀರಿನ ಟ್ಯಾಂಕ್ ಹತ್ತಿರ ಎಂದು ಹೇಳಿ ಮಾತು ಬದಲಾಯಿಸುತ್ತಿದ್ದೆ. ಟ್ಯಾಂಕ್ ನಮ್ಮ ಮನೆಯಿಂದ ಸಾಕಷ್ಟು ದೂರವಿತ್ತು.

ಆಗ ಎಲ್ಲರ ಮನೆಯಲ್ಲೂ ಕಿಟಕಿಗೆ ಬೀದಿಯ ಕಡೆ ಕಬ್ಬಿಣದ ಸರಳು, ಕೋಣೆಯ ಕಡೆ ಮರದ ಬಾಗಿಲು ಇರುತ್ತಿತ್ತು. ಬಾಗಿಲನ್ನು ಒಳಕ್ಕೆ ಎಳೆದು ತೆರೆಯುವುದು, ಒಳಗಿನಿಂದಲೇ ಚಿಲಕ ಹಾಕುವುದು. ನಮ್ಮ ಹಾಲ್ ಕಿಟಕಿಯಲ್ಲಿ ಸರಳು ಕೋಣೆಯ ಕಡೆ, ಬಾಗಿಲು ಬೀದಿಯ ಕಡೆ, ಚಿಲಕ ಆ ಬಾಗಿಲಿನ ಹೊರಮೈ ಮೇಲೆ. ಹಾಗಾಗಿ ಬೆಳಿಗ್ಗೆ ಕಿಟಕಿ ತೆಗೆಯಲು ಒಬ್ಬರು ಮುಂಬಾಗಿಲಿನಿಂದ ಹೊರಗೆ ಹೋಗಬೇಕು, ಮೆಟ್ಟಿಲು ಇಳಿಯಬೇಕು, ದಾಸವಾಳದ ಗಿಡ ಸುತ್ತಿ ಕಾಂಪೌಂಡಿನೊಳಗೆ ಕಿಟಕಿಯ ಮುಂದೆ ನಿಲ್ಲಬೇಕು. ಸಂಜೆ ಹಾಕಲು ಮತ್ತೆ ಅದೇ ಸುತ್ತು. ಕಾಂಪೌಂಡ್ ಗೋಡೆ ಮೋಟು. ಬೀದಿಯ ಹುಡುಗರು ಹಾರಿ ಬಂದು, ನಾವು ಹಾಲ್‌ನಲ್ಲಿ ಸಾಲಾಗಿ ಕೂತು ಮುದ್ದೆ ಮುರಿಯುತ್ತಿರುವಾಗ ಚಿಲಕ ಸರಿಸಿ ಕಿಟಕಿ ಬಾಗಿಲು ಎಳೆದುಬಿಡುತ್ತಿದ್ದರು. ತುತ್ತು ಬಾಯಿಯ ಹತ್ತಿರ, ಕೈಯೆಲ್ಲಾ ಸೊಪ್ಪಿನ ಸಾರು, ಎದುರಿಗೆ ಹಲ್ಲು ಕಿರಿಯುವ ಮುಖಗಳು. ಅವರನ್ನು ಓಡಿಸಿ ಕಿಟಕಿ ಹಾಕಲು ಅಪ್ಪ ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋಗುತ್ತಿದ್ದರು. ಅಷ್ಟರಲ್ಲಿ ಅವರ ತಟ್ಟೆಯ ಸಾರು ಆರಿರುತ್ತಿತ್ತು.

ಅಪ್ಪ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೆರಳಲ್ಲೇ ಹಿಡಿಯುತ್ತಾರೆ ಎಂದು ಜೊತೆ ಕೆಲಸದವರು ಹೊಗಳುತ್ತಿದ್ದರು. ಅಂಥವರು ಸ್ವಂತ ಮನೆಯ ಕಿಟಕಿಯನ್ನು ತಿರುಗಾಮುರುಗಾ ಇಡಿಸಿದ್ದರು ಎನ್ನುವುದೇ ಬೀದಿಗೆ ತಮಾಷೆ. ಮನೆಯಲ್ಲಿ ನಾವು ಕೇಳಿಕೊಂಡು ಬೆಳೆದ ಕತೆ ಇಷ್ಟೇ: ಬಾಗಿಲು ಇಡುವ ಪೂಜೆಯ ದಿನ ಅದೇ ಮುಹೂರ್ತದಲ್ಲಿ ಈ ಕಿಟಕಿಯನ್ನೂ ನಿಲ್ಲಿಸಿಬಿಡೋಣ ಎಂದುಕೊಂಡರು. ಮಾಗಡಿ ರಸ್ತೆಯ ಹಳೇ ಮರದ ಅಂಗಡಿಯಿಂದ ತಂದ ಕಿಟಕಿ, ಬಾಗಿಲು ಸಮೇತ ಸಿದ್ಧವಾಗಿತ್ತು. ಗಾರೆ ಕೆಲಸದವರು ಬರುವುದು ತಡವಾಯಿತು. ರಾಹುಕಾಲ ಹತ್ತಿರ ಬಂತು. ಗಡಿಬಿಡಿಯಲ್ಲಿ ಮನೆಯವರೇ ಎತ್ತಿ ನಿಲ್ಲಿಸಿ ಆರತಿ ಮಾಡಿದರು. ಆಮೇಲೆ ನೋಡಿದರೆ ಉಲ್ಟಾ. ಪೂಜೆಯಾದ ಚೌಕಟ್ಟು, ಕೀಳುವ ಹಾಗಿಲ್ಲ. ಕತೆ ಇಲ್ಲಿಗೆ ಬಂದಾಗ ಅಪ್ಪ ತಪ್ಪದೆ ಬಾಯಿ ಹಾಕುತ್ತಿದ್ದರು.

“ನಾನೇ ಬೇಕಂತ್ಲೇ ಹಾಗಿಡ್ಸಿದ್ದು. ಮಳೆ ನೀರು ಒಂದು ತೊಟ್ಟು ಒಳಗೆ ಬರಲ್ಲ.”

ಅಜ್ಜಿ, ಅಂದರೆ ಅಪ್ಪನ ತಾಯಿ, ದೇವರ ಮನೆಯ ಬಾಗಿಲಲ್ಲಿ ಹೂಬತ್ತಿ ಹೊಸೆಯುತ್ತಾ ಬಿಡದೆ ಉತ್ತರ ಕೊಡುತ್ತಿದ್ದರು.

“ಹೌದಪ್ಪಾ, ಮಳೆಗೆ ಮಾತ್ರ ಒಳಗೆ ಬರಬೇಡ ಅಂದೆ. ಬೀದೀಲಿರೋರಿಗೆಲ್ಲ ಬನ್ನಿ ಅಂತ ಚಿಲಕಾನೇ ಕೈಗೆ ಕೊಟ್ಟೆ.”

ಒಬ್ಬ ಬಡಗಿ ಒಮ್ಮೆ ಸರಳಿನ ಸಂದಿಯಲ್ಲಿ ಕೈಗೆ ಸಿಗುವ ಹಾಗೆ ಒಳಗಡೆಯೂ ಒಂದು ಚಿಲಕ ಕೂರಿಸಿಕೊಡುತ್ತೇನೆ ಎಂದ. ಅಪ್ಪ ಬೇಡವೆಂದರು. ಬೇಕಂತಲೇ ಇಡಿಸಿದ್ದು ಎಂದ ಮೇಲೆ ಅದನ್ನು ಸರಿಮಾಡಿಸುವುದು ಹೇಗೆ? ಒಂದು ಮಾತು ಆಡಿಬಿಟ್ಟು ಜೀವನಪೂರ್ತಿ ಅದಕ್ಕೆ ಕಟ್ಟುಬೀಳುವ ಜನರಿದ್ದಾರೆ, ನನ್ನ ಅಪ್ಪ ಅವರಲ್ಲೊಬ್ಬರು ಎಂದು ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಹಟಮಾರಿ, ಪೆದ್ದು, ಎರಡೂ ಒಟ್ಟಿಗೆ ಇರುವ ಮನುಷ್ಯ. ಮಕ್ಕಳು ತೀರ್ಪು ಕೊಡುವುದರಲ್ಲಿ ಬಹಳ ಚುರುಕು.

ದಿನಾ ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಏಳುತ್ತಿದ್ದರು. “ಕಿಟಕಿ ಹಾಕ್ಕೊಂಡು ಬರ್ತೀನಿ” ಎನ್ನುತ್ತಿದ್ದರು, ಬೇರೆಯವರು ವಾಕಿಂಗ್ ಹೋಗಿಬರುತ್ತೇನೆ ಎನ್ನುವಷ್ಟೇ ಸಹಜವಾಗಿ. ಆ ಹೊತ್ತಿಗೆ ಅಮ್ಮ ಅವರ ಚಪ್ಪಲಿಯನ್ನು ಬಾಗಿಲ ಹೊರಗೆ, ಕಾಲಿಗೆ ನೇರವಾಗಿ ಸಿಗುವಂತೆ ತಿರುಗಿಸಿ ಇಟ್ಟಿರುತ್ತಿದ್ದಳು. ಅಮ್ಮ ಅಪ್ಪನಿಗೆ ಹಾಗೆ ಉಪಚಾರ ಮಾಡುವವಳೇನೂ ಅಲ್ಲ. ಬೇರೆ ಯಾವ ಹೊತ್ತಿನಲ್ಲೂ ಅವಳು ಆ ಚಪ್ಪಲಿ ಮುಟ್ಟಿದ್ದು ನಾನು ಕಾಣೆ. ಅಪ್ಪ ಸುತ್ತು ಹಾಕಿ ಹೋಗಿ ಕಿಟಕಿಯ ಆಚೆ ನಿಂತು, ಸಣ್ಣಗೆ ಕೆಮ್ಮಿ, ಎರಡು ಕೈಯಲ್ಲೂ ಬಾಗಿಲು ಹಿಡಿದು ಕೇಳುತ್ತಿದ್ದರು.

“ಹಾಕ್ಲಾ?”

ನಾವು ಯಾರೂ ಉತ್ತರ ಕೊಡುತ್ತಿರಲಿಲ್ಲ. ಅಡುಗೆಮನೆಯಿಂದ ಅಮ್ಮ, ಎಷ್ಟೇ ಕೆಲಸವಿದ್ದರೂ, ಕೂಗುತ್ತಿದ್ದಳು.

“ಹ್ಞೂಂ, ಹಾಕಿ.”

ಆ ಕೆಮ್ಮು, ಮೇಲೆದ್ದ ಎರಡು ಕೈ, ಆ ‘ಹಾಕ್ಲಾ’ ಇವನ್ನೆಲ್ಲ ನಾನು ಬಹಳ ಚೆನ್ನಾಗಿ ಅಣಕಿಸುತ್ತಿದ್ದೆ. ಅಪ್ಪ ಆಚೆ ನಿಂತಿರುವಾಗಲೇ, ಕೂತಲ್ಲೇ ಮಾಡಿ ತೋರಿಸುತ್ತಿದ್ದೆ. ಅಕ್ಕ ಸರೋಜ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಜ್ಜಿಯ ಬತ್ತಿ ಕೈಯಿಂದ ಜಾರುತ್ತಿತ್ತು. ಅಪ್ಪನಿಗೆ ಇದು ಕಾಣುವುದಿಲ್ಲ ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ಒಳಗೆ ದೀಪ ಉರಿಯುತ್ತಿತ್ತು, ಹೊರಗೆ ಕತ್ತಲಾಗುತ್ತಿತ್ತು, ನಮಗೆ ಅವರ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ನಮಗೆ ಅವರು ಕಾಣದಿದ್ದರೆ ಅವರಿಗೂ ನಾವು ಕಾಣುವುದಿಲ್ಲ ಎನ್ನುವುದು ನನ್ನ ಲೆಕ್ಕ.

ಅಕ್ಕನನ್ನು ನೋಡಲು ವಿಜಯನಗರದಿಂದ ಗಂಡಿನ ಕಡೆಯವರು ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಹಾಲ್‌ಗೆ ಸುಣ್ಣ ಬಳಿದಿದ್ದರು. ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿದ್ದರು. ಕಿಟಕಿಯ ಕೆಳಗೆ ಹುಡುಗನ ಸೋದರಮಾವ ಕೂತಿದ್ದರು, ಎಲ್ಲ ಮಾತೂ ಅವರದೇ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬೆಳಿಗ್ಗೆಯೇ ಕಿಟಕಿ ತೆಗೆದಿಟ್ಟು, ಇವತ್ತು ಸಂಜೆವರೆಗೂ ಯಾರೂ ಅದರ ಸುದ್ದಿಗೆ ಹೋಗಬೇಡಿ ಎಂದು ಹೇಳಿದ್ದರು. ಅಕ್ಕ ಕೇಸರಿಬಾತಿನ ತಟ್ಟೆಗಳನ್ನು ತಂದಿಡುವ ಹೊತ್ತಿಗೆ ಮಳೆ ಸುರಿಯಿತು. ಗಾಳಿಯೂ ಜೋರಾಗಿತ್ತು. ಸೋದರಮಾವನ ಹೆಗಲ ಮೇಲೆ, ತಟ್ಟೆಯ ಮೇಲೆ ಎರಚಲು ಹೊಡೆಯತೊಡಗಿತು. ಅಪ್ಪ ಎದ್ದರು.

“ಒಂದ್ನಿಮಿಷ ಸಾರ್. ಕಿಟಕಿ ಹಾಕ್ಕೊಂಡು ಬರ್ತೀನಿ.”

“ಕಿಟಕಿ ಇಲ್ಲೇ ಇದ್ಯಲ್ಲ ಸ್ವಾಮಿ! ನೀವೆಲ್ಲಿಗೆ ಹೊರಟ್ರಿ?”

ಅಪ್ಪ ಆಗಲೇ ಬಾಗಿಲು ದಾಟಿದ್ದರು. ಎಲ್ಲರೂ ಕಿಟಕಿಯ ಕಡೆ ತಿರುಗಿ ಕಾಯುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಸರಳಿನ ಹಿಂದೆ ಅಪ್ಪನ ತೊಯ್ದ ಮುಖ ಬಂತು. ಅಂಗಿ ಮೈಗೆ ಅಂಟಿತ್ತು. ಅಭ್ಯಾಸಬಲ, ಪಾಪ, ಅಷ್ಟು ಜನರನ್ನು ನೋಡುತ್ತಾ ಅವರು ಕೇಳಿಯೇಬಿಟ್ಟರು.

“ಹಾಕ್ಲಾ?”

ಹಾಲ್ ಪೂರ್ತಿ ನಕ್ಕಿತು. ಸೋದರಮಾವ ತೊಡೆ ತಟ್ಟಿಕೊಂಡು ನಕ್ಕರು. ಒಳಗೆ ಬಂದ ಅಪ್ಪ, ಮೈಯಿಂದ ನೀರು ಇಳಿಯುತ್ತಿರುವಾಗ, ಬೇಕಂತಲೇ ಹಾಗಿಡಿಸಿದ್ದು ಸಾರ್, ಮಳೆ ನೀರು ಒಂದು ತೊಟ್ಟು ಒಳಗೆ ಬರಲ್ಲ ಎಂದರು. ಸೋದರಮಾವ ತಮ್ಮ ಒದ್ದೆ ಹೆಗಲು ಒರೆಸಿಕೊಳ್ಳುತ್ತಾ, “ಫ್ಯಾಕ್ಟ್ರೀಲೂ ಹಿಂಗೇನಾ ಸಾರ್ ಕೆಲ್ಸ?” ಎಂದರು. ಅದಕ್ಕೆ ಅಪ್ಪನೂ ನಕ್ಕರು. ಅವರು ನಕ್ಕಿದ್ದನ್ನೇ ನನಗೆ ಸಹಿಸಲಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಒಬ್ಬಳು ನಗಲಿಲ್ಲ. ಟವೆಲ್ ತಂದು ಕೊಟ್ಟವಳು, ಅಷ್ಟು ಜನರ ಎದುರಿಗೆ, ಅಪ್ಪ ತಲೆ ಒರೆಸಿ ಮುಗಿಸುವವರೆಗೂ ಅವರ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೂ ನನ್ನಂತೆಯೇ ಗಂಡನ ವಿಷಯದಲ್ಲಿ ನಾಚಿಕೆಯಾಗಿದೆ ಎಂದುಕೊಂಡೆ. ಆ ಸಂಬಂಧ ಕೂಡಿಬರಲಿಲ್ಲ. ಅವರು ಕಾರಣ ಹೇಳಲಿಲ್ಲ, ನಾವು ಕಿಟಕಿಯ ತಲೆಗೆ ಕಟ್ಟಿದೆವು. ಅಕ್ಕನಿಗೆ ಮುಂದೆ ಒಳ್ಳೆಯ ಕಡೆಯೇ ಮದುವೆಯಾಗಿ ಅವಳು ಕೆಂಗೇರಿಗೆ ಹೋದಳು. ಆದರೂ ಆ ಮಳೆಯ ದಿನವನ್ನು ಅವಳೂ ಮರೆಯಲಿಲ್ಲ, ನಾನೂ ಮರೆಯಲಿಲ್ಲ.

ಅಪ್ಪನ ಮೇಲೆ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು, ಸಿಟ್ಟು ಇಳಿಯುತ್ತದೆ. ನನಗಿದ್ದದ್ದು ನಾಚಿಕೆ. ಅದು ಮೈಗೆ ಒಗ್ಗಿಹೋಗಿ ಸ್ವಭಾವವೇ ಆಯಿತು. ಗೆಳತಿಯರನ್ನು ಮನೆಗೆ ಕರೆಯದ ಹುಡುಗಿ, ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಎಂದು ಸೆರಗು ಸರಿಮಾಡಿಕೊಳ್ಳುವ ಹೆಂಗಸು, ಕ್ಲಾಸಿನಲ್ಲಿ ತಪ್ಪು ಮಾಡಿದ ಮಕ್ಕಳಿಗಿಂತ ತಪ್ಪನ್ನು ಸಮರ್ಥಿಸಿಕೊಳ್ಳುವ ಮಕ್ಕಳಿಗೆ ಹೆಚ್ಚು ಬೈಯುವ ಟೀಚರ್, ಇವರೆಲ್ಲ ಆ ಕಿಟಕಿಯ ಕೆಳಗೆ ತಯಾರಾದವರು. ಮದುವೆಯಾಗಿ ನಂದಿನಿ ಲೇಔಟಿನ ಮನೆಗೆ ಕಾಲಿಟ್ಟ ದಿನ ನಾನು ಮೊದಲು ನೋಡಿದ್ದು ಕಿಟಕಿಗಳ ಚಿಲಕ ಯಾವ ಕಡೆ ಇದೆ ಎಂದು. ಒಳಗಡೆ ಇತ್ತು, ಸಮಾಧಾನವಾಯಿತು.

ಅಪ್ಪ ತೀರಿಕೊಂಡ ದಿನ ಯಾರೋ ಹೊರಗಿನಿಂದ ಆ ಕಿಟಕಿಯನ್ನು ಹಾಕಿದರು. ಆಮೇಲೆ ಅದನ್ನು ಯಾರೂ ತೆಗೆಯಲಿಲ್ಲ. ನಾನೂ ನನ್ನ ಗಂಡನೂ ಅಮ್ಮನ ಜೊತೆಗಿರಲು ಇದೇ ಮನೆಗೆ ಬಂದೆವು. ಕಿಟಕಿಗೊಂದು ದಪ್ಪ ಪರದೆ ಬಂತು, ಹಗಲು ಹೊತ್ತಿನಲ್ಲೂ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯತೊಡಗಿತು. ಬಂದವರಿಗೆ ಧೂಳು ಜಾಸ್ತಿ ಎಂದು ಹೇಳುತ್ತಿದ್ದೆವು. ಅದೂ ಸುಳ್ಳಲ್ಲ, ಬಸ್ಸುಗಳೆಲ್ಲ ಈಗ ನಮ್ಮ ರಸ್ತೆಯಲ್ಲೇ ತಿರುಗುತ್ತವೆ. ಆದರೆ ಅಮ್ಮನ ಮಂಡಿ ಈಚೆಗೆ ಪೂರ್ತಿ ಕೈಕೊಟ್ಟಿತು. ಹಾಸಿಗೆಯಿಂದ ಹಾಲ್‌ನ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅಷ್ಟೇ ಅವಳ ಓಡಾಟ. ಗೇಟಿನವರೆಗೆ ಹೋಗಿ ಸೊಪ್ಪಿನವಳ ಜೊತೆ ಜಗಳವಾಡುವುದು ನಿಂತ ಮೇಲೆ ಅವಳು ಮಾತನ್ನೇ ಕಡಿಮೆ ಮಾಡಿದಳು. ಒಂದು ದಿನ ಮುಚ್ಚಿದ ಪರದೆಯನ್ನೇ ನೋಡುತ್ತಾ, “ಆಚೆ ಬಿಸ್ಲಿದ್ಯೇನೇ?” ಎಂದು ಕೇಳಿದಳು. ಆಗ ಮಧ್ಯಾಹ್ನ. ಮಾರನೆಯ ದಿನವೇ ನಾನು ಕಿಟಕಿ ಮಾಡುವವರನ್ನು ಕರೆಸಿದೆ.

ಬಂದವರು ಹೆಗ್ಗನಹಳ್ಳಿಯ ಮುನಿರಾಜು. ಅಳತೆ ಟೇಪು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕಿವಿಗೆ ಫೋನು ಒತ್ತಿಕೊಂಡೇ ಮಾತನಾಡುವ ಮನುಷ್ಯ. ಹೊರಗೆ ಹೋಗಿ ತುಕ್ಕು ಹಿಡಿದ ಚಿಲಕವನ್ನು ಸುತ್ತಿಗೆಯಿಂದ ಬಡಿದು ಬಡಿದು ಬಾಗಿಲು ತೆಗೆದರು. ಬೆಳಕು ಅಮ್ಮನ ಮಡಿಲಿಗೇ ಬಿತ್ತು. ಅವಳು ಕಣ್ಣು ಕಿರಿದು ಮಾಡಿ ಮುಖ ಆ ಕಡೆ ತಿರುಗಿಸಿದಳು. ಮುನಿರಾಜು ಚೌಕಟ್ಟನ್ನು ಕೈಯಿಂದ ತಟ್ಟಿ ನೋಡಿದರು.

“ಆಂಟಿ, ಎರಡು ಥರ ಮಾಡ್ಬೋದು. ಒಂದು, ಈ ಮರದ ಫ್ರೇಮ್ ಹಂಗೇ ಇರ್ಲಿ. ಬಾಗ್ಲು, ಸರಳು ಮಾತ್ರ ತೆಗ್ದು ಅದ್ರೊಳಗೇ ಯುಪಿವಿಸಿ, ಅಂದ್ರೆ ಗಟ್ಟಿ ಪ್ಲಾಸ್ಟಿಕ್ ಕಿಟಕಿ ಕೂರಿಸ್ಬಿಡ್ತೀನಿ. ಒಂದೇ ದಿನದ ಕೆಲ್ಸ, ಧೂಳಿಲ್ಲ, ಗಲಾಟೆ ಇಲ್ಲ. ಇನ್ನೊಂದು, ಫ್ರೇಮ್ ಸಮೇತ ಕಿತ್ತಾಕಿ ಗೋಡೆಗೇ ಹೊಸದು ಕೂರ್ಸೋದು. ಗಾರೆ ಒಡೀಬೇಕು, ಆಮೇಲೆ ಪೇಂಟು, ರಗಳೆ. ನನ್ ಕೇಳಿದ್ರೆ ಮೊದಲ್ನೇದೇ ಮಾಡ್ಸಿ.”

“ಮೊದಲನೇದೇ ಮಾಡಿ” ಎಂದೆ, ಯೋಚಿಸದೆ. ಧೂಳಿನ ಭಯಕ್ಕಲ್ಲ. ಪೂಜೆಯಾದ ಚೌಕಟ್ಟು ಕೀಳಬಾರದು ಎನ್ನುವ ಮಾತನ್ನು ಅಜ್ಜಿಯ ನಂತರ ಕಾಪಾಡಿಕೊಂಡು ಬಂದವಳು ಅಮ್ಮನೇ. ಸುಣ್ಣ ಬಣ್ಣ ಮಾಡಿಸುವಾಗಲೆಲ್ಲ ಅಪ್ಪ ಈ ಸಲ ಕೀಳಿಸಿಬಿಡೋಣವೇ ಎಂದು ಅರೆಮನಸ್ಸಿನಲ್ಲಿ ಕೇಳುತ್ತಿದ್ದರು, ಅಮ್ಮ ಒಪ್ಪುತ್ತಿರಲಿಲ್ಲ. ಅವಳ ನಂಬಿಕೆಗೂ ಕುಂದು ಬೇಡ, ಬೀದಿಗೆ ಆ ಹಳೇ ಅವಮಾನವೂ ಕಾಣದ ಹಾಗೆ ಒಳಗೇ ಮುಚ್ಚಿಹೋಗಲಿ ಎಂದುಕೊಂಡೆ. ಆದರೆ ಕಿಟಕಿಯೊಳಗೆ ಕಿಟಕಿ ಕೂತರೆ ಕಂಡಿ ನಾಲ್ಕೂ ಕಡೆ ಚಿಕ್ಕದಾಗುತ್ತದೆ ಎಂದು ಮುನಿರಾಜು ಹೇಳಿದರು. ಎಷ್ಟು ಎಂದಾಗ ಹಳೇ ಪೇಪರ್ ತರಿಸಿಕೊಂಡು, ಪಟ್ಟಿ ಮಾಡಿ ಹರಿದು, ಚೌಕಟ್ಟಿನ ಒಳ ಅಂಚಿಗೆ ಸುತ್ತಲೂ ಅಂಟಿಸಿ ತೋರಿಸಿದರು. ನಿಂತು ನೋಡಿದಾಗ ನನಗೆ ಅಂಥ ವ್ಯತ್ಯಾಸ ಅನ್ನಿಸಲಿಲ್ಲ. ಅಮ್ಮ ಕುರ್ಚಿಯಿಂದ ಕತ್ತು ಚಾಚಿದಳು.

“ಗೇಟ್ ಕಾಣಲ್ಲ ಕಣೇ.”

ನಾನು ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಅವಳ ಕಣ್ಣಿನ ಮಟ್ಟದಿಂದ ನೋಡಿದೆ. ನಿಜ. ಕೆಳಗಿನ ಪಟ್ಟಿ ಗೇಟನ್ನು, ಗಿಡವನ್ನು, ನಡೆದುಹೋಗುವವರನ್ನು ತಿಂದುಹಾಕಿತ್ತು. ಉಳಿದದ್ದು ಎದುರು ಮನೆಯ ಎರಡನೇ ಮಹಡಿ ಮತ್ತು ಕರೆಂಟ್ ತಂತಿ. ಮುನಿರಾಜು ಅಡುಗೆಮನೆಯ ಕಿಟಕಿಯನ್ನೂ ಅಳೆದುಬಿಡುತ್ತೇನೆ ಎಂದು ಒಳಗೆ ಹೋದರು. ಅಮ್ಮ ಅವರು ಮರೆಯಾಗುವುದನ್ನೇ ಕಾಯುತ್ತಿದ್ದಳೇನೋ.

“ಕೀಳ್ಸು.”

“ಪೂಜೆ ಮಾಡಿ ಇಟ್ಟಿದ್ದಲ್ವೇನಮ್ಮ? ನೀನೇ ಕೀಳಬಾರ್ದು ಅಂತಿದ್ದೆ.”

“ಅಂತಿದ್ದೆ. ಕೀಳೋಕ್ ಹೋದ್ರೆ ಅದು ಹೆಂಗ್ ಉಲ್ಟಾ ಆಯ್ತು ಅನ್ನೋ ಮಾತು ಮತ್ತೆ ಏಳತ್ತಲ್ಲ, ಅದಕ್ಕೆ ಅಂತಿದ್ದೆ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳತೊಡಗಿದಳು. ನಾನು ನೆಲದ ಮೇಲೆಯೇ ಕೂತಿದ್ದೆ.

“ಅವತ್ತು ಅದನ್ನ ಅಂಗಳದಲ್ಲಿ ಮಲಗ್ಸಿದ್ರು. ಬಾಗ್ಲು ಎರಡೂ ಹಗ್ಗ ಹಾಕಿ ಕಟ್ಟಿದ್ರು. ಅರಿಶಿನ ಕುಂಕುಮ ಹಚ್ಚು ಅಂದ್ರು ನಿಮ್ಮಜ್ಜಿ. ನಾನು ಮೇಲೆ ಕಾಣ್ತಿದ್ದ ಬಾಗ್ಲಿನ ಮೈಗೆ ಹಚ್ಚಿ ಮಾವಿನ ಸೊಪ್ಪು ಕಟ್ದೆ. ಒಳಮೈ ಯಾವ್ದು ಹೊರಮೈ ಯಾವ್ದು ನಂಗೇನೇ ಗೊತ್ತು, ಇನ್ನೂ ಹುಡುಗಿ. ರಾಹುಕಾಲ ಬಂತು ಅಂತ ಅಜ್ಜಿ ಒಂದೇ ಸಮ ಕೂಗಾಟ. ಬಾಗಿಲಿಗೆ ಆಗ್ಲಿ ಕಿಟಕಿಗೆ ಆಗ್ಲಿ ಅರಿಶಿನದ ಮುಖ ಬೀದಿ ಕಡೆಗೇ ತಾನೆ? ಕುಂಕುಮ ನೋಡ್ಕೊಂಡು ಎತ್ತಿ ನಿಲ್ಲಿಸ್ಬಿಟ್ರು.”

“ಅಪ್ಪ ನೋಡ್ಲಿಲ್ವಾ?”

“ಅವ್ರು ಗಾರೆಯವರನ್ನ ಕರ್ಕೊಂಡ್ ಬರೋಕೆ ಹೋಗಿದ್ರು. ಬರೋ ಹೊತ್ತಿಗೆ ಆರತಿ ಆಗಿತ್ತು. ಗೇಟಲ್ಲೇ ನಿಂತು ನೋಡಿದ್ರು, ಗೊತ್ತಾಗೋಯ್ತು ಅವ್ರಿಗೆ. ಆಮೇಲೆ ನನ್ ಕೈ ನೋಡಿದ್ರು. ಕೈ ತುಂಬ ಅರಿಶಿನ. ಸರೋಜ ಆಗ ಕಂಕುಳಲ್ಲಿ. ಹೆಣ್ಣು ಹುಟ್ತು ಅಂತ ನಿಮ್ಮಜ್ಜಿ ಮಾತೇ ಬಿಟ್ಟಿದ್ರು ನನ್ ಹತ್ರ. ಹೊಸ ಮನೆಗೆ ಅಪಶಕುನ ಮಾಡಿದೋಳು ಅಂತ ಇನ್ನೊಂದು ಸೇರಿದ್ರೆ ತವರಿಗೇ ಕಳಿಸೋರು. ಯಾರು ಮಾಡಿದ್ ಕೆಲ್ಸ ಇದು ಅಂತ ಅಜ್ಜಿ ಬಾಯಿ ತೆಗೆಯೋದ್ರೊಳಗೆ ಇವ್ರು ಹೇಳ್ಬಿಟ್ರು, ನಾನೇ ಬೇಕಂತ್ಲೇ ಹಾಗಿಡಿ ಅಂದಿದ್ದೆ ಅಂತ.”

“ಅಜ್ಜಿ ಹೋದ್ಮೇಲಾದ್ರೂ ನಮಗೆ ಹೇಳ್ಬೋದಿತ್ತಲ್ಲಮ್ಮ.”

“ಅಷ್ಟೊತ್ತಿಗೆ ನೀವೂ ನಗ್ತಿದ್ರಿ. ಈಗ ಹೇಳಿದ್ರೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ ಅಂತೀರಾ ಅನ್ನಿಸ್ತು. ಆ ಮಳೆ ದಿನ ಹೇಳ್ಬಿಡೋಣ ಅಂತ್ಲೇ ಟವೆಲ್ ಹಿಡ್ಕೊಂಡು ಬಂದೆ. ಬಾಯಿ ಬರ್ಲಿಲ್ಲ. ನಾಚ್ಕೆ ಆಯ್ತು ಕಣೇ.”

ಬೆರಳಲ್ಲೇ ಕೂದಲೆಳೆ ಹಿಡಿಯುವ ಫಿಟ್ಟರ್ ಒಂದು ಕಿಟಕಿಯ ಹಿಂದುಮುಂದು ತಿಳಿಯದೆ ಇರುತ್ತಾರೆಯೇ ಎಂದು, ಅಷ್ಟೆಲ್ಲ ಬುದ್ಧಿವಂತೆಯಾಗಿದ್ದ ನನಗೆ ಒಂದು ದಿನವೂ ಅನುಮಾನ ಬರಲಿಲ್ಲವಲ್ಲ. ಕೆಂಗೇರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ. ಅವಳು “ಅಮ್ಮನಿಗೆ ಏನೂ ಅನ್ಬೇಡ” ಎಂದಷ್ಟೇ ಹೇಳಿ ಇಟ್ಟಳು.

ಚೌಕಟ್ಟು ಕೀಳಿಸಿದೆವು. ಮುನಿರಾಜು ಗೊಣಗಿದರು, ಗಾರೆ ಉದುರಿತು, ಮನೆಯೆಲ್ಲ ಕೆಂಪು ಧೂಳು. ಹೊಸ ಕಿಟಕಿ ಗೋಡೆಯ ಪೂರ್ತಿ ಕಂಡಿಗೆ ಕೂತಿತು, ಹೊರಗಡೆ ಜಾಲರಿ, ಒಳಗಡೆ ಪಕ್ಕಕ್ಕೆ ಸರಿಯುವ ಗಾಜು. ಚಿಲಕವನ್ನು ಅಮ್ಮನ ಕುರ್ಚಿಯಿಂದ ಕೈಗೆಟಕುವ ಎತ್ತರಕ್ಕೇ ಇಡಿಸಿದೆ. ಕೆಲಸದವರು ಹೋದ ಮೇಲೆ ದೀಪ ಹಚ್ಚಿ, ಲೈಟ್ ಹಾಕಿ, ನೆಲ ಒರೆಸಿ ನಿಂತಿದ್ದೆ. ಅಮ್ಮ ಹೊರಗಿನಿಂದ ಹೇಗೆ ಕಾಣುತ್ತದೆ ನೋಡಿಕೊಂಡು ಬಾ ಎಂದಳು.

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು, ದಾಸವಾಳದ ಗಿಡ ಸುತ್ತಿ ಹೋಗಿ ಕಿಟಕಿಯ ಮುಂದೆ ನಿಂತೆ. ಇಷ್ಟು ವರ್ಷ ಈ ಮನೆಯಲ್ಲಿದ್ದೂ ನಾನು ಆ ಹೊತ್ತಿನಲ್ಲಿ ಆ ಜಾಗದಲ್ಲಿ ನಿಂತವಳಲ್ಲ. ಅದು ಅಪ್ಪನ ಕೆಲಸವಾಗಿತ್ತು. ಹೊರಗೆ ಕತ್ತಲಾಗುತ್ತಿತ್ತು, ಒಳಗೆ ಎಲ್ಲವೂ ಕಾಣುತ್ತಿತ್ತು. ಅಮ್ಮನ ಹಣೆಯ ಗೆರೆ ಕಾಣುತ್ತಿತ್ತು. ಟಿಪಾಯಿಯ ಮೇಲಿನ ಲೋಟ, ದೇವರ ಮನೆಯ ಹೊಸ್ತಿಲು, ಅಜ್ಜಿ ಬತ್ತಿ ಹೊಸೆಯುತ್ತಿದ್ದ ಜಾಗ ಕಾಣುತ್ತಿತ್ತು. ಅದರ ಪಕ್ಕದಲ್ಲಿ, ಎಲ್ಲಕ್ಕಿಂತ ಸ್ಪಷ್ಟವಾಗಿ, ನೇರ ಎದುರಿಗೆ, ನಾನು ಕೂರುತ್ತಿದ್ದ ಜಾಗ ಕಾಣುತ್ತಿತ್ತು. ಅಪ್ಪ ದಿನಾ ನೋಡಿದ್ದಾರೆ. ನನ್ನ ಕೆಮ್ಮು, ನನ್ನ ಎತ್ತಿದ ಕೈಗಳು, ನಗುವ ಅಕ್ಕ, ನಗುವ ಅವರ ತಾಯಿ, ಎಲ್ಲವನ್ನೂ ಇಲ್ಲಿಂದ ನೋಡಿ, ಒಂದು ಮಾತೂ ಆಡದೆ ಬಾಗಿಲು ಮುಚ್ಚಿ, ಚಿಲಕ ಹಾಕಿ, ಸುತ್ತು ಬಳಸಿ ಬಂದು ನಮ್ಮ ಜೊತೆ ಊಟಕ್ಕೆ ಕೂತಿದ್ದಾರೆ. ನಿಂತ ನೆಲವೇ ಸುಡುವಷ್ಟು ನಾಚಿಕೆಯಾಯಿತು.

ಅಮ್ಮ ಕುರ್ಚಿಯಿಂದಲೇ ಕೈ ಚಾಚಿ ಗಾಜು ಹಿಡಿದಳು. ಹೊರಗಿನ ಕತ್ತಲಿಗೆ ಕಣ್ಣು ಕಿರಿದು ಮಾಡಿದಳು. ನಾನು ಅವಳಿಗೆ ಕಾಣುತ್ತಿರಲಿಲ್ಲ.

“ಹಾಕ್ಲಾ?”

ಯಾರಾದರೂ ಉತ್ತರ ಕೊಡಲೇಬೇಕಿತ್ತು.

“ಹ್ಞೂಂ, ಹಾಕಮ್ಮ” ಎಂದೆ.